ತಪ್ಪು ಬರೆದ ಪತ್ರಿಕೆಯವರು

ಮೊನ್ನೆ ಡ್ರಾಯರ್ ಖಾಲಿ ಮಾಡುವಾಗ ಜೈಲಿನ ಹಳೆಯ ಭೇಟಿ ಚೀಟಿಯೊಂದು ಸಿಕ್ಕಿತು. ನೇರಳೆ ಸೀಲು ಮಾಸಿತ್ತು. ‘ಬಂದಿಗೂ ನಿಮಗೂ ಏನು ಸಂಬಂಧ’ ಎಂಬಲ್ಲಿ ನಮ್ಮ ಸಂಪಾದಕಿಯ ದುಂಡು ಅಕ್ಷರ: ‘ಅವನ ಬಗ್ಗೆ ತಪ್ಪು ಬರೆದ ಪತ್ರಿಕೆಯವರು.’

ಆ ತಪ್ಪು ನನ್ನದು. ಕುಶಾಲನಗರದ ಆ ಪುಟ್ಟ ವಾರಪತ್ರಿಕೆಗೆ ನಾನು ಸೇರಿ ವರ್ಷವೂ ಆಗಿರಲಿಲ್ಲ. ಪಾಲಿಬೆಟ್ಟದ ಎಸ್ಟೇಟ್ ಕಾರ್ಮಿಕನೊಬ್ಬ ಮಗುವನ್ನು ಎತ್ತಿಕೊಂಡು ಓಡುವ ವಿಡಿಯೊ ಎಲ್ಲರ ಮೊಬೈಲಿನಲ್ಲೂ ಹರಿದಾಡುತ್ತಿತ್ತು. ಜನ ಹಿಡಿದು ಹೊಡೆದು ಪೊಲೀಸರಿಗೆ ಒಪ್ಪಿಸಿದ್ದರು. ಯಾರನ್ನೂ ವಿಚಾರಿಸದೆ ‘ಮಕ್ಕಳ ಕಳ್ಳ ಸೆರೆ’ ಎಂದು ಬರೆದೆ. ಸಂಪಾದಕಿ ಆ ವಾರ ಜ್ವರದಿಂದ ಮಲಗಿದ್ದರು... ಮುಖಪುಟದಲ್ಲೇ ಅಚ್ಚಾಯಿತು.

ಕೆಲವು ತಿಂಗಳ ನಂತರ ಅವನ ಹೆಂಡತಿ ಆಸ್ಪತ್ರೆಯ ಚೀಟಿಗಳನ್ನು ಹಿಡಿದು ಕಚೇರಿಗೆ ಬಂದಳು.

“ಅವ್ರಿಗೆ ತಲೆ ಸರಿಯಿಲ್ಲ ಮೇಡಂ. ಜೈಲಲ್ಲಿ ಮಾತ್ರೆ ಕೊಡ್ತಿಲ್ಲ, ನಾಟಕ ಅಂತಾರೆ. ಮೊನ್ನೆ ನನ್ನ ಗುರ್ತೇ ಸಿಗ್ಲಿಲ್ಲ.”

ಸಂಪಾದಕಿ ನನ್ನನ್ನು ಬೈಯಲಿಲ್ಲ. ಬ್ಯಾಗು ಹೆಗಲಿಗೇರಿಸಿ, “ನಡಿ,” ಎಂದರು.

ಎಸ್ಟೇಟಿನ ಕಾರ್ಮಿಕರ ಲೈನ್ ಮನೆಯಲ್ಲಿ ಆ ಮಗುವಿನ ತಾಯಿಯೇ ಸಿಕ್ಕಳು. ಅವನು ಪಕ್ಕದ ಮನೆಯವನಂತೆ. ಆನೆ ಬಂತೆಂದು ಕೂಗುತ್ತಾ ಮಗುವನ್ನು ಉಳಿಸಲು ಎತ್ತಿಕೊಂಡು ಓಡಿದ್ದ. ಆನೆ ಬಂದಿರಲಿಲ್ಲ, ಅವನ ಕಣ್ಣಿಗೆ ಮಾತ್ರ ಕಂಡಿತ್ತು. ಕಾಫಿ ಕೊಯ್ಲಿನ ಗಡಿಬಿಡಿಯಲ್ಲಿ ಆಸ್ಪತ್ರೆಗೆ ಹೋಗಲಾಗದೆ ಅವನ ಮಾತ್ರೆ ನಿಂತಿತ್ತು.

“ಇದನ್ನ ಪೊಲೀಸರಿಗೆ ಹೇಳ್ಲಿಲ್ವೇನಮ್ಮಾ?” ಎಂದರು ಸಂಪಾದಕಿ.

“ಹೇಳ್ದೆ ಮೇಡಂ. ಪೇಪರಲ್ಲೇ ಬಂದಿದೆಯಲ್ಲ ಅಂದ್ರು.”

ಅವಳ ಮಾತನ್ನು ಒಂದಕ್ಷರ ಬಿಡದೆ ಬರೆದುಕೊಂಡೆ.

ಜೈಲಿನಲ್ಲಿ ಅವನು ಜಾಲರಿಯ ಆಚೆ ಗೋಡೆ ನೋಡುತ್ತಾ ಕೂತಿದ್ದ. ನಾವು ಏಳುವ ಹೊತ್ತಿಗೆ ಒಂದೇ ಮಾತು ಕೇಳಿದ: “ಮಗು ಮನೆ ಸೇರ್ತಾ?”

ತಿದ್ದುಪಡಿಯನ್ನು ಒಳಪುಟದಲ್ಲಿ ಚಿಕ್ಕದಾಗಿ ಹಾಕೋಣ ಎಂದೆ. “ಸುಳ್ಳನ್ನ ಮುಖಪುಟದಲ್ಲಿ ಹಾಕ್ದೋರು ನಾವು. ನಿಜಾನ ಒಳಗೆ ಬಚ್ಚಿಡೋಕಾಗುತ್ತೇನೋ?” ಎಂದರು ಸಂಪಾದಕಿ. ಅದೇ ಜಾಗದಲ್ಲಿ, ಅಷ್ಟೇ ದಪ್ಪಕ್ಷರದಲ್ಲಿ ‘ನಾವು ಬರೆದದ್ದು ಸುಳ್ಳು’ ಎಂದು ಅಚ್ಚಾಯಿತು. ಜೈಲಿನಿಂದ ಬಿಡುಗಡೆಯಾದವರನ್ನು, ವಕೀಲರನ್ನು ಹುಡುಕಿ ಹೋಗಿ, ಅಲ್ಲಿ ಚಿಕಿತ್ಸೆ ಇಲ್ಲದೆ ಕೊಳೆಯುತ್ತಿದ್ದ ಇನ್ನೂ ಹಲವರ ಕತೆಯನ್ನು ವಾರವಾರವೂ ಬರೆದೆವು. ಬಸ್‌ಸ್ಟ್ಯಾಂಡಿನಲ್ಲಿ ಯಾರೋ ನಮ್ಮ ಪತ್ರಿಕೆ ಸುಟ್ಟರು. ಬೆದರಿಕೆಯ ಕರೆ ಬಂದರೆ ಸಂಪಾದಕಿ, “ಹೆಸ್ರು ಹೇಳಿ, ನಿಮ್ಮ ಮಾತನ್ನೂ ಹಾಕ್ತೀನಿ,” ಎನ್ನುತ್ತಿದ್ದರು. ಫೋನು ಕಟ್ಟಾಗುತ್ತಿತ್ತು.

ಕೊನೆಗೆ ನ್ಯಾಯಾಲಯ ಆ ಕಾರ್ಮಿಕನ ಆರೋಗ್ಯದ ಬಗ್ಗೆ ಜೈಲಿನಿಂದ ವರದಿ ಕೇಳಿತು. ಅವನನ್ನು ಆಸ್ಪತ್ರೆಗೆ ಸೇರಿಸಿದರು, ಪ್ರಕರಣ ಬಿದ್ದುಹೋಯಿತು. ಆ ಜೈಲಿಗೆ ಈಗಲೂ ವಾರಕ್ಕೊಮ್ಮೆ ಮನೋವೈದ್ಯರು ಬರುತ್ತಾರೆ. ನಮ್ಮ ಸಂಪಾದಕಿಯ ಕೈಕೆಳಗೆ ಕೆಲಸ ಕಲಿತವನು ಎಂದು ಹೇಳಿಕೊಳ್ಳಲು ನನಗೆ ಇಂದಿಗೂ ಎದೆಯುಬ್ಬುತ್ತದೆ.

ಚೀಟಿ ಸಿಕ್ಕ ಮರುದಿನವೇ ಪಾಲಿಬೆಟ್ಟಕ್ಕೆ ಹೋದೆ. ಅವನು ಗುರುತು ಹಿಡಿದು ನಕ್ಕ. “ಮೇಡಂ ಹೇಗಿದ್ದಾರೆ ಸಾರ್?”

“ಹೋಗಿಬಿಟ್ರು... ಎರಡು ವರ್ಷ ಆಯ್ತು.”

ಅವನು ನನ್ನನ್ನೇ ನೋಡಿದ. “ಯಾರು ಹೇಳಿದ್ದು? ಸುಳ್ಳಿರ್ಬೋದು ಸಾರ್.”

“ಇಲ್ಲ. ಹೆಗಲು ಕೊಟ್ಟವರಲ್ಲಿ ನಾನೂ ಒಬ್ಬ.”