ಎಂಟನೇ ನಂಬರಿನ ಹುಣಸೆಮರ

ಇವತ್ತು ಹೊಲದ ಕಡೆಯಿಂದ ಪೇಂಟಿನ ವಾಸನೆ ಬಂತು.

ನಾನಾಗ ಎರಡನೇ ಕ್ಲಾಸು. ಜಗಳೂರು ಕಡೆಯ ನಮ್ಮ ಹೊಲದ ಮೇಲೆ ದೊಡ್ಡ ಕರೆಂಟ್ ಲೈನ್ ಹಾಯುವುದಿತ್ತು. ತಂತಿಯ ಕೆಳಗೆ ಬರುವ ಮರಗಳಿಗೆ ಒಂದರಿಂದ ಏಳರವರೆಗೆ ನಂಬರ್ ಬರೆದವರು ಕೆಂಪು ಪೇಂಟಿನ ಡಬ್ಬಿಯನ್ನು ಬದುವಿನ ಮೇಲಿಟ್ಟು ಊಟಕ್ಕೆ ಹೋದರು. ಅಂಕಿ ಬರೆಯುವುದನ್ನು ಹೊಸದಾಗಿ ಕಲಿತಿದ್ದ ನಾನು, ದೂರದಲ್ಲಿದ್ದ ಅಜ್ಜಿಯ ಹುಣಸೆಮರಕ್ಕೆ ಚೆಂದವಾಗಿ ಎಂಟು ಬರೆದೆ. ನಂಬರ್ ಹಾಕುವುದು ಕಡಿಯುವುದಕ್ಕೆ ಎಂದು ನನಗೆ ಗೊತ್ತಿರಲಿಲ್ಲ. ಆ ಮರದ ಹುಣಸೆಹಣ್ಣು ಮಾರಿಯೇ ಅಜ್ಜಿಯ ವರ್ಷ ಸಾಗುತ್ತಿತ್ತು.

ಮರುದಿನವೇ ಗರಗಸದವರು ಬಂದರು.

“ಇದು ಲೈನಿಗೆ ದೂರ ಐತಲ್ಲಪ್ಪಾ,” ಎಂದಳು ಅಜ್ಜಿ.

“ಎಂಟನೇ ನಂಬರ್ ಐತೆ ನೋಡಜ್ಜಿ. ನಂಬರ್ ಇದ್ದಿದ್ದನ್ನ ಕಡಿಯೋದಷ್ಟೇ ನಮ್ ಕೆಲಸ.”

ನಾನು ಅವಳ ಸೀರೆಯ ಹಿಂದೆ ನಿಂತಿದ್ದೆ. ಬಾಯಿ ಬಿಟ್ಟಿದ್ದರೆ ಮರ ಉಳಿಯುತ್ತಿತ್ತು. ಬಿಡಲಿಲ್ಲ.

ಸಂಜೆ, ಅಕ್ಷರ ಬಾರದ ಅಜ್ಜಿ ನನ್ನನ್ನು ಕರೆದಳು. “ಎಂಟು ಹೆಂಗೆ ಬರೀತಾರವ್ವ? ತೋರ್ಸು.”

ಅಂಗಳದ ಮಣ್ಣಿನಲ್ಲಿ ಬರೆದೆ. ಅವಳು ಅಂಕಿಯನ್ನು ನೋಡಲಿಲ್ಲ, ನನ್ನ ಉಗುರಿನ ಸಂದಿಯಲ್ಲಿದ್ದ ಕೆಂಪು ಬಣ್ಣವನ್ನೇ ನೋಡುತ್ತಾ ಕೂತಳು. ಆಮೇಲೆ ಕಾಲಿನಿಂದ ಅಂಕಿಯನ್ನು ಅಳಿಸಿ ಒಳಗೆ ಹೋದಳು. ಸಾಯುವವರೆಗೂ ಆ ಮಾತು ಎತ್ತಲಿಲ್ಲ.

ಈಗ ಇನ್ನೊಂದು ಲೈನ್ ಬರುತ್ತಿದೆ. ಮಧ್ಯಾಹ್ನ ಅಣ್ಣನ ಮಗಳು ಓಡಿ ಬಂದು ನನ್ನ ಕೈ ಹಿಡಿದಳು.

“ಅತ್ತೆ, ಪೇಂಟಿನವರೆಲ್ಲ ಊಟಕ್ಕೆ ಹೋಗ್ಯಾರೆ. ನಂಗೂ ನಂಬರ್ ಬರೆಯಾಕೆ ಬರ್ತೈತೆ, ನೋಡು ಬಾ.”

ನಾನು ಮೊದಲು ಅವಳ ಉಗುರು ನೋಡಿದೆ.