ಅಂಚಿಗೆ ಬಿದ್ದ ಕೈ

ಬಸ್ ನಿಲ್ದಾಣದ ಎದುರಿನ ಫೋಟೋ ಸ್ಟುಡಿಯೋದವರಿಗೆ ಹೆತ್ತವರು ಇಟ್ಟ ಹೆಸರೊಂದಿತ್ತು. ಊರು ಅದನ್ನು ಎಂದೋ ಮರೆತುಬಿಟ್ಟಿತ್ತು. ಎದುರು ಕುಳಿತವರು ಮಗುವಾಗಲಿ ಮುದುಕರಾಗಲಿ, "ಗದ್ದ ಸ್ವಲ್ಪ ಮೇಲೆ" ಅನ್ನದೆ ಅವರು ಕ್ಯಾಮೆರಾ ಒತ್ತಿದವರಲ್ಲ. ಹಾಗಾಗಿ ಒಂದು ದಿನವೂ ಪಾಠ ಹೇಳದ ಮನುಷ್ಯ ಎಲ್ಲರ ಬಾಯಲ್ಲಿ ಗದ್ದದ ಮೇಷ್ಟ್ರಾದರು. ಊರಿನ ಅರ್ಧ ಮನೆಗಳ ಗೋಡೆಯ ಮೇಲೆ ಅವರು ಎತ್ತಿಸಿದ ಗದ್ದಗಳೇ ಇವೆ.

ಸ್ಟುಡಿಯೋ ಮುಚ್ಚಿ ಈಗ ಅಲ್ಲಿ ಮೊಬೈಲ್ ಕವರ್ ಮಾರುತ್ತಾರೆ. ನೆಗೆಟಿವ್‌ಗಳ ಪೆಟ್ಟಿಗೆಗಳು ಮನೆಯ ಮಂಚದ ಕೆಳಗೆ ಸೇರಿದ್ದವು. ರಜೆಗೆ ಬಂದ ಮಗಳು, ಕೂತಲ್ಲಿ ಕೂರದ ಜೀವ, ಅವನ್ನೆಲ್ಲ ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ತುಂಬಿದಳು. ಲಕೋಟೆಗಳ ಮೇಲೆ ಅಪ್ಪ ಪೆನ್ಸಿಲಿನಲ್ಲಿ ಗೀಚಿದ್ದನ್ನು, 'ಮದುವೆ' ಎಂದಿರಲಿ, 'ಕಣ್ಣು ಮುಚ್ಚಿದೆ' ಎಂದಿರಲಿ, ಹಾಗೆಹಾಗೆಯೇ ಟ್ಯಾಗ್ ಮಾಡಿ ಆಯಾ ಚಿತ್ರಕ್ಕೆ ಅಂಟಿಸಿದಳು. ಮನೆಯವರದೇ ಒಂದು ಆಲ್ಬಮ್ ಮಾಡಬೇಕೆಂಬುದು ಅವಳ ಆಸೆ. ಮೊದಲ ಪುಟಕ್ಕೆ ಅಮ್ಮನ ಹರೆಯದ ಫೋಟೋ ಬೇಕಿತ್ತು.

ಅದು ಇರಲಿಲ್ಲ. ಮದುವೆಯ ರೀಲಿಗೆ ಬೆಳಕು ಹೊಕ್ಕು ಹಾಳಾಗಿತ್ತು. ಆಮೇಲೆ ಮೇಷ್ಟ್ರು ಪ್ರತಿ ರೀಲಿನಲ್ಲೂ ಕೊನೆಯ ಚಿತ್ರವೊಂದನ್ನು ಹೆಂಡತಿಗೆಂದು ಉಳಿಸುವರು. ಅಷ್ಟರಲ್ಲಿ ಯಾರೋ ಅವಸರದ ಗಿರಾಕಿ ಬಂದು ಅದನ್ನೂ ನುಂಗಿಬಿಡುವನು. "ನೀನೆಲ್ಲಿ ಓಡಿಹೋಗ್ತೀಯ, ನಾಳೆ ತೆಗೆಯೋಣ" ಎನ್ನುತ್ತಲೇ ತಲೆ ನರೆಯಿತು.

"ಇಲ್ಲದ್ದನ್ನ ಹುಡುಕಿ ಕಣ್ಣು ಕೆಡಿಸ್ಕೋಬೇಡಿ" ಎಂದರು ಮೇಷ್ಟ್ರ ಹೆಂಡತಿ ಅಡುಗೆಮನೆಯಿಂದಲೇ. "ಊರವರ ಮುಖವೆಲ್ಲ ತೆಗೆದ್ರಿ. ಮನೆಯವಳದ್ದು ಯಾವತ್ತಾದ್ರೂ ನೆನಪಾಗಿದ್ರೆ ತಾನೇ?"

ಆ ಮಾತು ಚುರುಕ್ಕೆಂದಿತು. ಹೇಗಾದರೂ ಒಂದು ಚಿತ್ರ ಹುಡುಕಿ ಕೊಡಲೇಬೇಕೆಂದು ಮೇಷ್ಟ್ರು ಮಗಳ ಪಕ್ಕ ಕುರ್ಚಿ ಎಳೆದುಕೊಂಡರು. ಮಗಳ ಬಳಿ ಒಂದು ಪುಟ್ಟ ಸಾಫ್ಟ್‌ವೇರ್ ಇತ್ತು. ಅಂಟಿಸಿದ ಟ್ಯಾಗುಗಳನ್ನೆಲ್ಲ ಹೆಕ್ಕಿ ತಂದು, ಯಾವುದರಡಿ ಎಷ್ಟು ಚಿತ್ರಗಳಿವೆ ಎಂದು ಸಾಲಾಗಿ ತೋರಿಸುವುದಷ್ಟೇ ಅದರ ಕೆಲಸ. ಮೇಷ್ಟ್ರು 'ಅಮ್ಮ' ಎಂದು ಹುಡುಕಿಸಿದರು, 'ಮನೆ' ಎಂದು ಹುಡುಕಿಸಿದರು. ಬಂದವರೆಲ್ಲ ಬೇರೆಯವರ ಅಮ್ಮಂದಿರು, ಬೇರೆಯವರ ಮನೆಗಳು.

"ಅಪ್ಪ, ಎಲ್ಲಕ್ಕಿಂತ ಹೆಚ್ಚು ಚಿತ್ರ ಇರೋ ಟ್ಯಾಗ್ ಯಾವುದು ಗೊತ್ತಾ? 'ಕೈ ಬಿದ್ದಿದೆ'. ಏನಿದು? ಯಾರ ಕೈ?"

"ಅಯ್ಯೋ, ಅದು ಬರೀ ಕತ್ತರಿಸೋಕೆ ಗುರುತು. ನಿಮ್ಮಮ್ಮ ಬಿಳಿ ಹಲಗೆ ಹಿಡೀತಿದ್ಳಲ್ಲ, ಕೆನ್ನೆ ಮೇಲೆ ಬೆಳಕು ಬೀಳಲಿ ಅಂತ. ಒಂದೊಂದ್ಸಲ ಅವಳ ಕೈ ಅಂಚಿಗೆ ಬಂದುಬಿಡೋದು. ಪ್ರಿಂಟ್ ಹಾಕುವಾಗ ಕತ್ತರಿಸಿ..."

ಮೇಷ್ಟ್ರು ಪರದೆಯತ್ತ ಬಾಗಿದರು. ಮಗಳು ಟ್ಯಾಗ್ ಒತ್ತಿದಳು. ಪರದೆಯ ತುಂಬ ಊರಿನ ಜನ ಗದ್ದ ಎತ್ತಿ ಕುಳಿತಿದ್ದರು, ಪ್ರತಿಯೊಬ್ಬರ ಪಕ್ಕದಲ್ಲೂ ಅದೇ ಕೈ. ಒಂದರಲ್ಲಿ ಎಳೆಯ ಬೆರಳುಗಳು, ಒಂದರಲ್ಲಿ ಮಣಿಕಟ್ಟಿಗೆ ಸಡಿಲವಾದ ಗಡಿಯಾರ.

"ಏನೇ, ಇಲ್ಲಿ ಬಾ ಸ್ವಲ್ಪ."

ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದವರು ಕನ್ನಡಕ ಏರಿಸಿ ಬಗ್ಗಿದರು. ಆಮೇಲೆ ಒಂದೊಂದೇ ಚಿತ್ರದ ಮೇಲೆ ಬೆರಳಿಟ್ಟರು. "ಇದು ನೀನು ಹೊಟ್ಟೇಲಿದ್ದಾಗ ಕಣೇ. ಬೆರಳು ಊದಿ ಉಂಗುರ ತೆಗೆದಿಟ್ಟಿದ್ದೆ. ಇದು ಇಸ್ತ್ರಿಪೆಟ್ಟಿಗೆ ಸುಟ್ಟ ಕಲೆ. ಇದರಲ್ಲಿ ನಿಮ್ಮಪ್ಪನ ಮೇಲೆ ಕೆಂಡದಂಥ ಕೋಪ, ನೋಡು, ಹಲಗೆ ಬೇಕೂಂತಲೇ ಸೊಟ್ಟ ಹಿಡಿದಿದ್ದೀನಿ."

"ಅದಕ್ಕೇ ಆ ತಹಶೀಲ್ದಾರರ ಕೆನ್ನೆ ಕಪ್ಪಾಗಿ ಬಿದ್ದಿದ್ದು!" ಎಂದರು ಮೇಷ್ಟ್ರು. ಮೂವರೂ ನಕ್ಕರು. ನಗು ಮುಗಿಯುವ ಮೊದಲೇ ಆಕೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ಎಲ್ಲಾ ಕಡೆ ಇದ್ದೀನಿ. ಮುಖ ಒಂದೇ ಇಲ್ಲ."

ಪ್ರತಿ ಸಲವೂ ಕತ್ತರಿ ಆಡಿಸಿದ್ದು ತಾವೇ ಎಂದು ನೆನೆದು ಮೇಷ್ಟ್ರು ನಾಚಿಕೆಯಿಂದ ಹಿಡಿಯಷ್ಟಾದರು. ಎದ್ದು ಮಂಚದ ಕೆಳಗಿನಿಂದ ಅದೇ ಬಿಳಿ ಹಲಗೆಯನ್ನು ಎಳೆದು, ಧೂಳು ಕೊಡವಿ, ಹೆಂಡತಿಯನ್ನು ಕಿಟಕಿಯ ಪಕ್ಕ ಕೂರಿಸಿದರು. ಡಿಜಿಟಲ್ ಕ್ಯಾಮೆರಾವನ್ನು ಮಾತ್ರ ಮಗಳ ಕೈಗೆ ಕೊಟ್ಟರು.

"ನೀನು ತೆಗೆಯಲ್ವಾ ಅಪ್ಪ?"

"ಹಲಗೆ ಯಾರು ಹಿಡೀತಾರೆ ಮತ್ತೆ?"

ಕಿಟಕಿಯ ಬೆಳಕು ಆಕೆಯ ಒಂದು ಕೆನ್ನೆಗೆ ಬೀಳುತ್ತಿತ್ತು. ಇನ್ನೊಂದು ಕೆನ್ನೆಗೆ ಮೇಷ್ಟ್ರು ಹಲಗೆಯಿಂದ ಬೆಳಕು ತಂದರು. ಈ ಹಲಗೆ ಇಷ್ಟು ಭಾರವೆಂದು ಅವರಿಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ. "ಗದ್ದ ಸ್ವಲ್ಪ..." ಎಂದರು.

"ಗೊತ್ತು ಬಿಡಿ" ಎಂದು ಆಕೆ ನಕ್ಕಾಗಲೇ ಮಗಳು ಒತ್ತಿದಳು.

ಚಿತ್ರ ಪರದೆಗೆ ಬಂತು. ಹರೆಯದ ಮುಖವಲ್ಲ, ನಗು ಮಾತ್ರ ಹಳೆಯದೇ. ಅಂಚಿನಲ್ಲಿ ಹಲಗೆ ಹಿಡಿದ, ನರ ಎದ್ದ ಮುದಿ ಕೈಯೊಂದು ಬಿದ್ದಿತ್ತು. ಮಗಳು ಅಪ್ಪನ ಹಳೆಯ ಪದ್ಧತಿಯಂತೆ ಅದನ್ನು ಕತ್ತರಿಸಲು ಹೋದಳು.

"ಮುಟ್ಟಿದ್ರೆ ನೋಡು" ಎಂದರು ಅಮ್ಮ. "ಅದಿರೋದಕ್ಕೇ ಅದು ನನ್ನ ಫೋಟೋ."