ಅತ್ತೆ ಅಗಳಿ ತೆಗೆದ ಮಧ್ಯಾಹ್ನ

ದೆವ್ವ ಭೂತಗಳ ಮಾತು ಬಂದರೆ ನಾನು ಎದ್ದು ಒಳಗೆ ಹೋಗುವವಳು. ಮೊದಲೂ ಹಾಗೇ, ಈಗಲೂ ಹೆಚ್ಚುಕಡಿಮೆ ಹಾಗೇ. ನಾನು ಕಥೋಲಿಕ ಮನೆತನದಲ್ಲಿ ಹುಟ್ಟಿದವಳು, ದೇವರಲ್ಲಿ ನಂಬಿಕೆ ಇದ್ದವಳು. ಆದರೆ ದೇವರ ಹೆಸರಿನಲ್ಲಿ ಜನ ಹೇಳುವ ಎಲ್ಲ ಮಾತನ್ನೂ ನಂಬಬೇಕೆಂದು ನನಗೆ ಯಾವತ್ತೂ ಅನಿಸಿಲ್ಲ. ಆದ್ದರಿಂದ ಇದನ್ನು ಓದಿದವರು ನಂಬದಿದ್ದರೆ ನನಗೆ ಬೇಸರವಿಲ್ಲ. ಬೇರೆ ಯಾರಾದರೂ ಹೇಳಿದ್ದರೆ ನಾನೇ ಸೆರಗು ಅಡ್ಡ ಹಿಡಿದು ನಗುತ್ತಿದ್ದೆ.

ಎರಡನೇ ಮಹಾಯುದ್ಧಕ್ಕೆ ಮೊದಲಿನ ಮಾತು. ಹುಕ್ಕೇರಿಯ ತವರಿನಿಂದ ಗೋಕಾಕಕ್ಕೆ ಸೊಸೆಯಾಗಿ ಬಂದು ಎರಡು ವರ್ಷವಾಗಿತ್ತು. ಊರ ಹೊರಗೆ, ಗುಡ್ಡದ ಬುಡದಲ್ಲಿ ನಮ್ಮ ಹೆಂಚಿನ ಮನೆ. ಹತ್ತಿರ ಬೇರೆ ಮನೆಗಳಿರಲಿಲ್ಲ. ಕೂಗಿದರೆ ಕೇಳಿಸದಷ್ಟು ದೂರದಲ್ಲಿ ಕುರುಬರ ಒಂದು ಗುಡಿಸಲು. ನನ್ನ ಯಜಮಾನರು ದರ್ಜಿ. ಮದುವೆಯ ದಿನಗಳು ಬಂದವೆಂದರೆ ಕತ್ತರಿ ಕೆಳಗಿಟ್ಟು, ಕಹಳೆ ಹಿಡಿದು, ಬ್ಯಾಂಡಿನವರ ಜೊತೆ ಊರೂರು ತಿರುಗುತ್ತಿದ್ದರು. ಆಗ ಮನೆಯಲ್ಲಿ ಉಳಿಯುತ್ತಿದ್ದವರು ನಾನು, ತೊಟ್ಟಿಲಲ್ಲಿದ್ದ ನನ್ನ ಮಗಳು, ಮತ್ತು ನಮ್ಮತ್ತೆ.

ನಮ್ಮತ್ತೆ ರೈಲಿಗೆ ಹೊರಟವರ ಹಾಗೆ ಬದುಕುತ್ತಿದ್ದರು. ಸ್ವಾಮಿ ಯಾವ ಗಳಿಗೆಯಲ್ಲಿ ಬರುತ್ತಾನೋ, ತಮ್ಮನ್ನು ಕರೆಯುತ್ತಾನೋ ಲೋಕವನ್ನೇ ಮುಗಿಸುತ್ತಾನೋ ಯಾರಿಗೆ ಗೊತ್ತು, ನಾವು ತಯಾರಿರಬೇಕು ಎನ್ನುವುದು ಅವರ ಮಾತು. ಅವರದೊಂದು ತಗಡಿನ ಟ್ರಂಕು ಇತ್ತು. ಅದರಲ್ಲಿ ತಮ್ಮ ಹೆಣಕ್ಕೆ ಹೊದಿಸಲು ಮಂಜರಪಾಟಿನ ಬಿಳಿ ಬಟ್ಟೆ, ಒಂದು ಶಿಲುಬೆ, ಮೇಣದಬತ್ತಿಗಳ ಹಬ್ಬದಲ್ಲಿ ಫಾದರು ಆಶೀರ್ವದಿಸಿ ಕೊಟ್ಟ ದಪ್ಪ ಮೇಣದಬತ್ತಿ. ಆ ಬಟ್ಟೆಯನ್ನು ಆಗಾಗ ಬಿಸಿಲಿಗೆ ಹಾಕಿ, ಝಾಡಿಸಿ, ಮತ್ತೆ ಮಡಿಸಿಡುತ್ತಿದ್ದರು.

“ಅತ್ತಿ, ಉಡೂ ಸೀರಿಗಿಂತ ಇದರ ಕಾಳಜೀನ ಜಾಸ್ತಿ ಆತಲ್ರಿ” ಎಂದು ನಾನು ಕಾಡುತ್ತಿದ್ದೆ.

“ನಗವಾ, ನಗು. ಕಳ್ಳ ಹೇಳಿ ಕೇಳಿ ಬರ್ತಾನೇನು? ಸ್ವಾಮಿನೂ ಹಂಗ ಬರ್ತಾನ” ಎನ್ನುತ್ತಿದ್ದರು.

ಈ ತಯಾರಿಯಿಂದ ನನಗೂ ಒಂದು ಲಾಭವಿತ್ತು, ಹೇಳಿಬಿಡುತ್ತೇನೆ. ಮನಸ್ತಾಪ ಇಟ್ಟುಕೊಂಡು ಮಲಗಿದರೆ, ಬೆಳಗಾಗುವುದರೊಳಗೆ ಕರೆ ಬಂದರೆ ಏನು ಗತಿ ಎಂದು ಅವರಿಗೆ ಹೆದರಿಕೆ. ಹಗಲೆಲ್ಲ ಜಗಳಾಡಿದ್ದರೂ ಮಲಗುವ ಮುಂಚೆ ತಾವಾಗಿ ಬಂದು ನನ್ನ ತಲೆ ಸವರಿ ಹೋಗುತ್ತಿದ್ದರು. ಹಾಗಾಗಿ ನಮ್ಮ ಮನೆಯಲ್ಲಿ ಯಾವ ಜಗಳವೂ ಮರುದಿನ ಕಾಣಲಿಲ್ಲ. ಇಂಥ ಅತ್ತೆ ಎಷ್ಟು ಜನಕ್ಕೆ ಸಿಕ್ಕಾರು!

ಆದರೆ ಅವರ ಒಂದು ನಂಬಿಕೆ ಮಾತ್ರ ನನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಲೋಕದ ಕೊನೆಗೆ ಮೂರು ದಿನ ಕತ್ತಲೆ ಕವಿಯುತ್ತದಂತೆ. ಯಾವ ದೀಪವೂ ಹತ್ತುವುದಿಲ್ಲ, ಆಶೀರ್ವದಿಸಿದ ಮೇಣದಬತ್ತಿ ಒಂದೇ ಉರಿಯುತ್ತದೆ. ಬಾಗಿಲು ಕಿಟಕಿ ಮುಚ್ಚಿ ಜಪ ಮಾಡುತ್ತಾ ಕೂರಬೇಕು. ಹೊರಗಿನಿಂದ ಸೈತಾನ ನಮ್ಮ ಮನೆಯವರದೇ ಧ್ವನಿಯಲ್ಲಿ ಕರೆಯುತ್ತಾನೆ. ಬಾಗಿಲು ತೆರೆದವರ ಆತ್ಮ ಹೋದಂತೆಯೇ. ಇದನ್ನು ಅವರ ಅಜ್ಜಿ ಹೇಳಿದ್ದು. ಬೆಳಗಾವಿಯಿಂದ ಕೆಲವು ತಿಂಗಳಿಗೊಮ್ಮೆ ಬಂದು ನಮ್ಮ ಮನೆಯಲ್ಲೇ ಪೂಜೆ ಅರ್ಪಿಸುತ್ತಿದ್ದ ಫಾದರು, ಇದು ಧರ್ಮಸಭೆಯ ಬೋಧನೆಯಲ್ಲ, ಜನರ ಬಾಯಿಮಾತು ಎಂದು ತಿಳಿಸಿ ಹೇಳಿದ್ದರು. ಮದುವೆಗೆ ಹೋದ ಯಜಮಾನ ಬಂದು ಬಾಗಿಲು ಬಡಿದ ಕೂಡಲೇ ತೆರೆಯಲು ಎಚ್ಚರವಾಗಿ ಕಾಯುವ ಆಳುಗಳ ಸಾಮತಿಯನ್ನು, ಬೈಬಲಿನ ಆ ದೃಷ್ಟಾಂತ ಕಥೆಯನ್ನು, ಓದಿ, ತಯಾರಿ ಎಂದರೆ ಇದು ಎಂದಿದ್ದರು. ಅತ್ತೆ ಕೈಮುಗಿದು ಕೇಳಿದರು. ಫಾದರು ಆಚೆ ಹೋದ ಮೇಲೆ ಮೇಣದಬತ್ತಿ ಜಾಗದಲ್ಲಿದೆಯೇ ಎಂದು ಟ್ರಂಕು ತೆಗೆದು ನೋಡಿದರು.

ಆ ಬೇಸಿಗೆ ಯಜಮಾನರು ಮೂಡಲಗಿಗೆ ಒಂದು ದೊಡ್ಡ ಮದುವೆಗೆ ಹೋಗಿದ್ದರು. ನಾವು ಊಟ ಮಾಡಿ ಎದ್ದಿದ್ದೆವು. ಹೊರಗೆ ಬಿಸಿಲು ಹಳದಿಯಾಯಿತು, ಕೋಳಿಗಳು ಹೊತ್ತಲ್ಲದ ಹೊತ್ತಿನಲ್ಲಿ ಬುಟ್ಟಿ ಸೇರಿದವು. ನೋಡುತ್ತಿದ್ದಂತೆ ಗುಡ್ಡದ ಆಚೆಯಿಂದ ಕೆಂಪು ಧೂಳು ಎದ್ದು, ಅದರ ಹಿಂದೆ ಕರಿಮೋಡ ಬಂದು, ಅಂಗಳದ ಬೇವಿನ ಮರವೂ ಕಾಣದಷ್ಟು ಕತ್ತಲಾಯಿತು. ನಾನು ಚಿಮಣಿ ಹಚ್ಚಿದೆ, ಆರಿತು. ಮತ್ತೆ ಹಚ್ಚಿದೆ, ಮತ್ತೆ ಆರಿತು.

“ಚಿಮಣಿ ಹತ್ತವಲ್ದು” ಎಂದರು ಅತ್ತೆ. “ಯವ್ವಾ, ಬಂತು.”

ನಾನು ಏನು ಹೇಳಿದರೂ ಕೇಳಲಿಲ್ಲ. ಅಗಳಿ ಹಾಕಿದರು. ಕಿಟಕಿಗೆ ಕೌದಿ ತುರುಕಿದರು. ಟ್ರಂಕು ತೆಗೆದು ಮೇಣದಬತ್ತಿ ಹಚ್ಚಿ ಮೂಲೆಯಲ್ಲಿಟ್ಟರು. ಅದು ಅಲ್ಲಾಡದೆ ಉರಿಯಿತು. ಆ ಮೂಲೆಗೆ ಗಾಳಿ ತಗಲುತ್ತಿರಲಿಲ್ಲ ಎಂದು ನನಗೆ ಗೊತ್ತಿತ್ತು. ಆದರೂ ಮೈ ಜುಂ ಎಂದಿತು. ಆಲಿಕಲ್ಲು ಬೀಳತೊಡಗಿ ಹೆಂಚುಗಳು ಒಂದೊಂದಾಗಿ ಒಡೆದವು. ಹಾಸಿಗೆ, ಸೀರೆ, ಕೌದಿ ಎಲ್ಲದರ ಮೇಲೂ ನೀರು ಸುರಿಯಿತು. ನಾನು ಮಗಳನ್ನು ಎದೆಗವಚಿಕೊಂಡು ಕೂತೆ. ಅತ್ತೆ ಜಪಸರ ಹಿಡಿದು “ನಮೋ ಮರಿಯಾ” ಹೇಳುತ್ತಿದ್ದರು.

ಆಗ ಹೊರಗಿನಿಂದ ಕರೆ ಬಂತು.

“ಅವ್ವಾ, ಬಾಗಲಾ ತಗೀ.”

ನನ್ನ ಯಜಮಾನರ ಧ್ವನಿ. ಕಹಳೆ ಊದಿ ಊದಿ ಒಡೆದ ಧ್ವನಿ, ‘ಅವ್ವಾ’ ಎಂಬುದನ್ನು ಎಳೆಯುವ ಅದೇ ರೀತಿ. ನಾನು ಎದ್ದೆ. ಅತ್ತೆ ನನ್ನ ಸೆರಗು ಹಿಡಿದರು.

“ಕುಂದ್ರು. ಮೂಡಲಗ್ಯಾಗ ಇದ್ದಾಂವ ಇಲ್ಲಿ ಹ್ಯಾಂಗ ಬರ್ತಾನ?”

“ಅತ್ತಿ, ಅವರದ ಧ್ವನಿ ಐತ್ರಿ. ಆಣಿಕಲ್ಲಾಗ ನಿಂತಾರ್ರಿ.”

“ಹಿಂಗ ಕರೀತಾವು ಅಂತನ ನಮ್ಮಜ್ಜಿ ಹೇಳಿದ್ದು.”

ಮತ್ತೆ ಕೇಳಿಸಿತು. “ಅವ್ವಾ, ತಡಾ ಮಾಡಬ್ಯಾಡ. ತಗೀ.”

ಅತ್ತೆ ಜಪವನ್ನು ಅರ್ಧಕ್ಕೇ ನಿಲ್ಲಿಸಿದರು. ಅವರು ಅಷ್ಟು ಹೆದರಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ನನಗೆ ಅದು ಬರೀ ಬಾಗಿಲು. ಅವರಿಗೆ, ಜನ್ಮವೆಲ್ಲ ಯಾವುದಕ್ಕಾಗಿ ತಯಾರಿ ನಡೆಸಿದ್ದರೋ ಆ ಆತ್ಮವೇ ಪಣಕ್ಕೆ ನಿಂತಿತ್ತು. ತೆರೆದರೆ ಆತ್ಮ ಹೋಗಬಹುದು, ತೆರೆಯದಿದ್ದರೆ ಹೊರಗೆ ಮಗ ಸಾಯಬಹುದು. ಅವರು ಮೇಣದಬತ್ತಿಯನ್ನು ನೋಡಿದರು, ಬಾಗಿಲನ್ನು ನೋಡಿದರು.

“ಮದವಿಗೆ ಹೋದಾಂವ ಬಂದು ಬಡದ್ರ ತಗೀಬೇಕು ಅಂತ ಫಾದರು ಓದಿದ್ರಲ್ಲ” ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. “ತಗೀಲಿಲ್ಲಂದ್ರ ನನ್ನ ತಯಾರಿ ಯಾತರದು?”

ಎದ್ದು ನನ್ನನ್ನು ಹಿಂದಕ್ಕೆ ತಳ್ಳಿದರು. “ಕೂಸಿನ ತಗೊಂಡು ಒಲಿ ಕಡೆ ಸರಿ. ಸೈತಾನ ಇದ್ರ ಮೊದಲ ನನ್ನ ಹಿಡೀಲಿ.”

ಅಗಳಿ ತೆಗೆದರು.

ಬಾಗಿಲಲ್ಲಿ ಯಾರೂ ಇರಲಿಲ್ಲ. ಕಟ್ಟೆಯ ಕೆಳಗೆ, ಆಲಿಕಲ್ಲಿನ ನಡುವೆ, ಕಂಬಳಿ ಮುಸುಕು ಹಾಕಿಕೊಂಡು ಲಕ್ಕವ್ವ ಮುದುಡಿ ಬಿದ್ದಿದ್ದಳು. ಆ ಕುರುಬರ ಗುಡಿಸಲಿನ ಹೆಣ್ಣುಮಗಳು, ತುಂಬಿದ ಬಸುರಿ. ಗಂಡ ಕುರಿ ಹೊಡೆದುಕೊಂಡು ಮಮದಾಪುರದ ಕಡೆ ಹೋಗಿದ್ದ. ಹಲ್ಲು ಕಚ್ಚಿಹೋಗಿ ಅವಳಿಗೆ ಮಾತೇ ಬರುತ್ತಿರಲಿಲ್ಲ. ಇಬ್ಬರೂ ಸೇರಿ ಒಳಗೆ ಎಳೆದುಕೊಂಡೆವು.

ಮುಂದಿನದೆಲ್ಲ ಗಡಿಬಿಡಿ. ನಾನು ಒಲೆ ಹೊತ್ತಿಸಿದೆ. ಹೆರಿಗೆಗೆ ಬೆಳಕೆಂದರೆ ಆ ಮೇಣದಬತ್ತಿಯೊಂದೇ. ಹೊಕ್ಕುಳಬಳ್ಳಿಗೆ ಯಜಮಾನರ ಕತ್ತರಿಯನ್ನು ಕುದಿಯುವ ನೀರಿನಲ್ಲಿ ಹಾಕಿ ಕೊಟ್ಟೆ. ಗಂಡು ಕೂಸು, ಮೈ ನೀಲಿ, ಅಳಲಿಲ್ಲ. ಒರೆಸಲು ಬಟ್ಟೆ ಹುಡುಕಿದರೆ ಮನೆಯಲ್ಲಿ ಒಂದು ಚಿಂದಿಯೂ ಒಣಗಿದ್ದು ಉಳಿದಿರಲಿಲ್ಲ, ಟ್ರಂಕಿನೊಳಗಿನದನ್ನು ಬಿಟ್ಟು. ಅತ್ತೆ ಒಂದು ಕ್ಷಣವೂ ಯೋಚಿಸಲಿಲ್ಲ. ತಮ್ಮ ಹೆಣದ ಬಟ್ಟೆಯನ್ನು ಪರ್‌ ಎಂದು ಹರಿದು, ಕೂಸನ್ನು ಅದರಲ್ಲಿ ಸುತ್ತಿ, ಒಲೆಯ ಮುಂದೆ ಕೂತು ಬೆನ್ನು ತಿಕ್ಕಿದರು, ತಿಕ್ಕುತ್ತಲೇ ಇದ್ದರು. ಕೊನೆಗೆ ಅದು ಕಿರ್ರೆಂದು ಅತ್ತಿತು. ನನಗೂ ಅಳು ಬಂತು.

ಸಂಜೆಗೆ ಮೋಡ ಹರಿದು ಬಿಸಿಲು ಬಂತು. “ಏನ್ರಿ ಅತ್ತಿ, ಮೂರು ದಿನದ್ದು ಇಷ್ಟ ಲಗೂನ ಮುಗೀತಲ್ರಿ” ಎಂದೆ. ಅವರು ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಬಾಯ್ತುಂಬ ನಕ್ಕರು.

ಅಂಬಲಿ ಕುಡಿದ ಮೇಲೆ ಲಕ್ಕವ್ವನಿಗೆ ಮಾತು ಬಂತು. ಇಷ್ಟು ಹೊತ್ತು ನಾವು, ಯಜಮಾನರ ಧ್ವನಿ ಎಂದುಕೊಂಡದ್ದು ಅವಳ ಕೂಗೇ ಇರಬೇಕು ಎಂದು ಸಮಾಧಾನ ಮಾಡಿಕೊಂಡಿದ್ದೆವು. ಕೇಳಿದರೆ ಅವಳು ನಮ್ಮನ್ನೇ ವಿಚಿತ್ರವಾಗಿ ನೋಡಿದಳು.

“ನಾ ಎಲ್ಲಿ ಕರದೆ, ಆಯಿ? ಬಾಯಿನ ಬರ್ತಿದ್ದಿಲ್ಲ. ಕಣ್ಣೂ ಕಾಣವಲ್ದಾಗಿತ್ತು. ನಿಮ್ಮ ಕಟ್ಟಿ ಮ್ಯಾಲ ಯಾರೋ ಕಂದೀಲ ಹಿಡಕೊಂಡು ಬಾಗಲಾ ಕಡೆ ಮಾರಿ ಮಾಡಿ ನಿಂತಿದ್ರು. ನಿಮ್ಮ ಮಗಾನ ಅನ್ಕೊಂಡೆ. ಆ ಬೆಳಕ ಹಿಡದು ಬಂದೇನಿ.”

ನಮ್ಮ ಮನೆಯ ಕಂದೀಲು ಗೂಟಕ್ಕೆ ನೇತಾಡುತ್ತಿತ್ತು. ಅದರ ಗಾಜು ಒಡೆದು ಎಷ್ಟೋ ದಿನವಾಗಿತ್ತು.

ಮರುದಿನ ಯಜಮಾನರು ಬಂದರು. ಮೂಡಲಗಿಯಲ್ಲಿ ಹನಿ ಮಳೆಯೂ ಬಿದ್ದಿರಲಿಲ್ಲ. ಆ ಹೊತ್ತಿಗೆ ಅಲ್ಲಿ ಅಕ್ಕಿಕಾಳು ಬಿದ್ದು ಇವರು ಕಹಳೆ ಊದುತ್ತಿದ್ದರು. ಬೀಗರ ಮಂದಿಯೆಲ್ಲ ಸಾಕ್ಷಿ. ಅತ್ತೆ ಸೊಸೆ ಸೇರಿ ಚೇಷ್ಟೆ ಮಾಡುತ್ತಿದ್ದೇವೆ ಎಂದುಕೊಂಡರು. ತೊಟ್ಟಿಲ ಪಕ್ಕದಲ್ಲಿ ಇನ್ನೊಂದು ಕೂಸು ಮಲಗಿದ್ದನ್ನು ಕಂಡು ಎಲ್ಲವನ್ನೂ ಮೊದಲಿನಿಂದ ಹೇಳಿಸಿಕೊಂಡರು.

ನಾನು ಇದನ್ನು ಹಲವು ರೀತಿ ಬಿಡಿಸಿ ನೋಡಿದ್ದೇನೆ. ಗಾಳಿ ಸಂದಿಯಲ್ಲಿ ಊಳಿಟ್ಟಿರಬಹುದು. ಗಂಡ ಬರಲಿ ಎಂಬ ಆಸೆ ನನ್ನ ಕಿವಿಗೆ ಹಾಗೆ ಕೇಳಿಸಿರಬಹುದು. ನೋವಿನ ಭರದಲ್ಲಿ ಲಕ್ಕವ್ವನ ಕಣ್ಣಿಗೆ ಏನೋ ಕಂಡಿರಬಹುದು. ಒಂದೊಂದಕ್ಕೂ ಉತ್ತರವಿದೆ. ಒಳಗಿನ ಇಬ್ಬರಿಗೂ ಒಂದೇ ಮಾತು ಕೇಳಿಸಿ, ಅದೇ ಹೊತ್ತಿಗೆ ಹೊರಗಿನವಳಿಗೆ ಬೆಳಕು ಕಂಡದ್ದು ಮಾತ್ರ ಈ ಲೆಕ್ಕಕ್ಕೆ ಸಿಗುವುದಿಲ್ಲ. ಫಾದರು ಬಂದಾಗ ಎಲ್ಲ ಹೇಳಿದೆವು. ಅವರು, ಕೂಸು ಚೆನ್ನಾಗಿ ಹಾಲು ಕುಡಿಯುತ್ತದೆಯೇ ಎಂದಷ್ಟೇ ಕೇಳಿದರು.

ಅತ್ತೆ ಮಗನಿಂದ ಮತ್ತೆ ಮಂಜರಪಾಟು ತರಿಸಿದರು. ಈ ಸಲ ಎರಡು ತುಂಡು. “ಒಂದು ನಾ ಹೋಗಾಕ, ಒಂದು ಬರೂರಿಗೆ” ಎಂದು ಟ್ರಂಕಿನಲ್ಲಿಟ್ಟರು. ಆಮೇಲೆ ಎಂಥ ಬಿರುಗಾಳಿ ಬಂದರೂ ಹಗಲಿನಲ್ಲಿ ಅಗಳಿ ಹಾಕಲು ಬಿಡಲಿಲ್ಲ. ಹುಟ್ಟಿ ಬರುವವರಿಗೆಂದು ಇಟ್ಟ ತುಂಡನ್ನು ಎಷ್ಟು ಸಲ ಹೊಸದಾಗಿ ತರಬೇಕಾಯಿತೋ ಲೆಕ್ಕವಿಟ್ಟಿಲ್ಲ. ನನ್ನ ಇನ್ನಿಬ್ಬರು ಮಕ್ಕಳನ್ನೂ ಮೊದಲು ಸುತ್ತಿದ್ದು ಅದೇ ಟ್ರಂಕಿನ ಬಟ್ಟೆಯಲ್ಲಿ. ನಾನು ನಗುತ್ತಿದ್ದ ಆ ಟ್ರಂಕಿಗೆ ಎಷ್ಟು ಋಣಿಯೋ ಹೇಳಲಾರೆ.

ಕೆಲವು ವರ್ಷಗಳ ನಂತರ, ಒಂದು ಮಧ್ಯಾಹ್ನವೇ, ಅತ್ತೆ ತೀರಿಕೊಂಡರು. ಅವರು ಆಸೆಪಟ್ಟಂತೆ ಫಾದರು ಹಿಂದಿನ ದಿನವೇ ಬಂದು ಸಾಯುವವರಿಗೆ ಹಚ್ಚುವ ಪವಿತ್ರ ತೈಲ ಹಚ್ಚಿ ಹೋಗಿದ್ದರು. ಆ ಹೆರಿಗೆಯ ದಿನ ಉರಿದು ಉಳಿದಿದ್ದ ಮೇಣದಬತ್ತಿಯ ತುಂಡನ್ನು ಹಚ್ಚಿ ಅವರ ಕೈಯಲ್ಲಿ ಹಿಡಿಸಿದ್ದೆ. ಯಜಮಾನರು ದಿಂಬಿನ ಬಳಿ ಕೂತಿದ್ದರು. ಅತ್ತೆ ಕಣ್ಣು ತೆರೆದು, ನಮ್ಮಿಬ್ಬರನ್ನೂ ದಾಟಿ, ಬಾಗಿಲ ಕಡೆ ನೋಡಿದರು. ಮಗನನ್ನು ಜನ್ಮವೆಲ್ಲ ‘ಬಾರೋ’ ಎಂದು ಕರೆದವರು ಅವರು.

“ಬರ್ರಿ” ಎಂದರು. “ಅಗಳಿ ಹಾಕಿಲ್ರಿ.”

ನಾವು ತಿರುಗಿ ನೋಡಿದೆವು. ಹೊಸ್ತಿಲ ಮೇಲೆ ಬಿಸಿಲು ಬಿದ್ದಿತ್ತು, ಅಷ್ಟೇ. ಅವರು ಯಾರಿಗೆ ಹಾಗೆಂದರೋ ನನಗೆ ತಿಳಿಯದು. ಅಂದು ಕತ್ತಲಲ್ಲಿ ಕರೆದವರು ಯಾರೆಂದೂ ತಿಳಿಯದು. ಇಬ್ಬರೂ ಒಬ್ಬರೇ ಇರಬಹುದೇ ಎಂದು ಈ ವಯಸ್ಸಿನಲ್ಲೂ ಕೇಳಿಕೊಳ್ಳುತ್ತೇನೆ. ಆ ಬಾಗಿಲನ್ನು ಕಂಡಾಗ ಕೈ ಮಾತ್ರ ತಾನಾಗಿ ಮುಗಿಯುತ್ತದೆ.